ಬಲ್ಲವರ ಮೌನ

ಅಪಾಯವನ್ನು ಕಂಡೂ ಬಾಯಿ ತೆರೆಯದವನು ದೋಷಿಯೇ? “ಅವರವರ ಜೀವಕ್ಕೆ ಅವರವರೇ ಹೊಣೆ, ನಾನೇಕೆ ನಡುವೆ ಮಾತನಾಡಲಿ” ಎಂದು ಸುಮ್ಮನಿರುವುದು ಸಜ್ಜನಿಕೆಯೇ? ಬಂಧುಗಳೇ, ದೂರದ ಹಿಮಬೆಟ್ಟವೊಂದರಲ್ಲಿ ನಡೆದ ದುರಂತ ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ.

ಕಾಲಿಗೆ ಉದ್ದನೆಯ ಪಟ್ಟಿ ಕಟ್ಟಿಕೊಂಡು ಹಿಮದ ಮೇಲೆ ಜಾರುವ ಆಟಕ್ಕೆ ಸ್ಕೀಯಿಂಗ್ ಎನ್ನುತ್ತಾರೆ. ಕಾವಲಿರುವ ತಾಣಗಳನ್ನು ಬಿಟ್ಟು ಕಾಡುಬೆಟ್ಟಗಳಿಗೆ ಹೋಗಿ ಜಾರುವವರೂ ಉಂಟು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಕ್ಯಾಸ್ಕೇಡ್ ಪರ್ವತಗಳಲ್ಲಿ ಟನಲ್ ಕ್ರೀಕ್ ಎಂಬ ಕಣಿವೆಯಿದೆ. 2012ರ ಫೆಬ್ರವರಿ 19ರಂದು 16 ಜನ ಅಲ್ಲಿ ಇಳಿಯಲು ಹೊರಟರು. ಹೆಚ್ಚಿನವರು ನುರಿತವರೇ. ಹಿಂದಿನ ದಿನಗಳಲ್ಲಿ ಭಾರಿ ಹಿಮ ಬಿದ್ದಿತ್ತು. ಹಿಮಕುಸಿತದ ಎಚ್ಚರಿಕೆಯೂ ಪ್ರಕಟವಾಗಿತ್ತು. ಗುಂಪು ಅತಿಯಾಯಿತೆಂದು ಕೆಲವರ ಮನಸ್ಸು ಅಳುಕಿತು. ಆದರೆ ಇಷ್ಟು ಜನ ಬಲ್ಲವರಿರುವಾಗ ತಾವೇನು ಹೇಳುವುದೆಂದು ಸುಮ್ಮನಾದರು. ಹಿಮ ಕುಸಿಯಿತು. ಮೂವರು ಪ್ರಾಣ ಕಳೆದುಕೊಂಡರು.

ಹಳೆಯ ಹಿಮದಲ್ಲಿ ಸಡಿಲವಾದ ಪದರವೊಂದಿದ್ದು, ಅದರ ಮೇಲೆ ಹೊಸ ಹಿಮ ಗಟ್ಟಿ ಹಾಸಿನಂತೆ ಕೂತರೆ ಒಬ್ಬ ಮನುಷ್ಯನ ಭಾರವೇ ಅದನ್ನು ಒಡೆಯಲು ಸಾಕು. ಇಂಥ ಸಾವುಗಳಲ್ಲಿ ಹೆಚ್ಚಿನವಕ್ಕೆ ಕಾರಣ, ಸತ್ತವನೋ ಅವನ ಜೊತೆಗಾರನೋ ಕದಲಿಸಿದ ಹಿಮವೇ. ಹೂತವನನ್ನು ಸುಮಾರು 15 ನಿಮಿಷದೊಳಗೆ ಹೊರತೆಗೆಯದಿದ್ದರೆ ಬದುಕುವ ಆಸೆ ಬೇಗನೆ ಕುಗ್ಗುತ್ತದೆ. ತೆಗೆಯಬೇಕಾದವರೂ ಜೊತೆಗಾರರೇ.

ಹೀಗಿರುವಾಗ “ನನ್ನ ಜೀವ ನನ್ನದು” ಎಂಬ ಮಾತು ಅಲ್ಲಿ ನಿಲ್ಲದು. ಒಬ್ಬನ ಹೆಜ್ಜೆ ಎಲ್ಲರ ಮೇಲೂ ಬೀಳುತ್ತದೆ. 2004ರಲ್ಲಿ ಇಯನ್ ಮೆಕ್ಯಾಮನ್ ಎಂಬ ಸಂಶೋಧಕರು 700ಕ್ಕೂ ಹೆಚ್ಚು ಅವಘಡಗಳನ್ನು ಪರಿಶೀಲಿಸಿ, ಪರಿಚಿತ ಜಾಗವೆಂಬ ಧೈರ್ಯ, ಇತರರು ಹೋಗುತ್ತಿದ್ದಾರೆಂಬ ಭರವಸೆ, ಮೆಚ್ಚುಗೆಯ ಹಂಬಲ ಮೊದಲಾದವು ತಿಳಿದವರನ್ನೂ ದಾರಿ ತಪ್ಪಿಸುತ್ತವೆಂದು ತೋರಿಸಿದರು.

ಎಚ್ಚರಿಸಿದವನ ಮಾತು ಸುಳ್ಳಾಗಬಹುದು. ಹಿಮ ಕುಸಿಯದೆ ಅವನು ನಗೆಪಾಟಲಾಗಬಹುದು. ಆಗ ಕಳೆಯುವುದು ಒಂದು ದಿನದ ಆಟ ಮಾತ್ರ. ಮೌನ ತಪ್ಪಾದರೆ ಕಳೆಯುವುದು ಜೀವ. ಹಾಗೆಂದು, ಎಲ್ಲ ಮುಗಿದ ಮೇಲೆ ನೊಂದವರನ್ನು ದೂರುವುದೂ ನ್ಯಾಯವಲ್ಲ. ಆ ಸಂಕೋಚ ನಮ್ಮೆಲ್ಲರಲ್ಲೂ ಇದೆ.

ಆದ್ದರಿಂದ ಹೊಣೆ ಅಳುಕಿದವನೊಬ್ಬನದೇ ಅಲ್ಲ. ಮುಂದೆ ನಡೆಯುವ ಹಿರಿಯನು ಹೊರಡುವ ಮೊದಲೇ ನಿಂತು, “ಯಾರಿಗಾದರೂ ಅನುಮಾನವಿದೆಯೇ?” ಎಂದು ಕೇಳಬೇಕು, ಕಿರಿಯನು ಬೇಡವೆಂದರೆ ಹಿಂದಿರುಗುವ ಮನಸ್ಸೂ ಇರಬೇಕು. ಬೆಟ್ಟದಲ್ಲಾಗಲಿ, ಕೂಡಿ ಮಾಡುವ ಬೇಸಾಯ ವ್ಯಾಪಾರಗಳಲ್ಲಾಗಲಿ, ಜೊತೆಗಾರಿಕೆಯೆಂದರೆ ಇದೇ.