ಸಾವಿಗೊಂದು ನೆಪ

ಸಾವಿಗೊಂದು ನೆಪ ಬೇಕು ಅನ್ನುತ್ತಾರೆ. ಹಾವು ಕಚ್ಚಿದ್ದು ನೆಪ, ಕಾಲುವೆಗೆ ಜಾರಿದ್ದು ನೆಪ, ಲಾರಿ ಅಡ್ಡ ಬಂದದ್ದು ನೆಪ. ಹೋಗುವ ಗಳಿಗೆ ಹಣೆಯಲ್ಲಿ ಮೊದಲೇ ಬರೆದಿರುತ್ತದೆ. ಪೊಲೀಸ್ ಇಲಾಖೆಯಲ್ಲಿ ನನ್ನ ಪಾಲಿಗೆ ಬಂದದ್ದು ಆ ನೆಪವನ್ನು ಕಾಗದಕ್ಕೆ ಇಳಿಸುವ ಕೆಲಸ. ಮೊದಲು ಹೆಡ್ ಕಾನ್‌ಸ್ಟೇಬಲ್ ಆಗಿ, ಆಮೇಲೆ ಎಎಸ್‌ಐ ಆಗಿ ಸಿರುಗುಪ್ಪ, ಕುರುಗೋಡು, ಬಳ್ಳಾರಿಯ ಠಾಣೆಗಳಲ್ಲಿ ಯುಡಿಆರ್ ಫೈಲುಗಳನ್ನು, ಅಂದರೆ ಅಸಹಜ ಸಾವಿನ ವರದಿಗಳನ್ನು, ಬರೆಯುತ್ತಲೇ ಸರ್ವಿಸ್ ಮುಗಿಸಿದೆ. ನಿವೃತ್ತಿಯ ನಂತರವೂ ಒಂದು ಪ್ರಶ್ನೆ ಬೆನ್ನು ಬಿಟ್ಟಿಲ್ಲ. ಎಲ್ಲವೂ ಹಣೆಬರಹವೇ ಆದರೆ, ಆ ಬರಹದ ಕೆಳಗೆ ನಾವು ಬರೆಯುವ ಪಂಚನಾಮೆಗೆ ಏನು ಬೆಲೆ?

ಇಂಗ್ಲೆಂಡಿನಲ್ಲಿ ಈ ಕೆಲಸಕ್ಕೆ ಕರೋನರ್ ಎಂಬ ಪ್ರತ್ಯೇಕ ಅಧಿಕಾರಿ ಇದ್ದಾನೆ. ಮುಂಬೈಯಲ್ಲೂ 1999ರವರೆಗೆ ಒಬ್ಬರು ಇದ್ದರು. ನಮ್ಮಲ್ಲಿ ಅದು ಠಾಣೆಯ ತಲೆಗೇ ಬರುತ್ತದೆ. ನಾನಿದ್ದಾಗ ದಂಡ ಪ್ರಕ್ರಿಯಾ ಸಂಹಿತೆಯ, ಅಂದರೆ ಸಿಆರ್‌ಪಿಸಿಯ, 174ನೇ ಕಲಮು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್‌ನ 194. ಹೆಣ ಎಲ್ಲಿದೆಯೋ ಅಲ್ಲಿಗೆ ಹೋಗಬೇಕು. ಆ ಊರಿನ ಇಬ್ಬರಾದರೂ ಮರ್ಯಾದಸ್ಥರನ್ನು ಪಂಚರೆಂದು ಕರೆಯಬೇಕು. ತಲೆ ಯಾವ ದಿಕ್ಕಿಗೆ, ಕಾಲು ಯಾವ ದಿಕ್ಕಿಗೆ, ಕಣ್ಣು ತೆರೆದಿವೆಯೋ ಮುಚ್ಚಿವೆಯೋ, ಮೈಮೇಲೆ ಯಾವ ಬಟ್ಟೆ, ಎಲ್ಲೆಲ್ಲಿ ಗಾಯ, ಎಲ್ಲವನ್ನೂ ಅವರ ಕಣ್ಣೆದುರು ನೋಡಿ ಬರೆಯಬೇಕು. ಕೊನೆಗೆ ಸಾವಿನ ಕಾರಣ. ಅಲ್ಲಿಯೂ ಕಾನೂನು ಕೇಳುವುದು ಮೇಲ್ನೋಟಕ್ಕೆ ಕಾಣುವ ಕಾರಣ ಮಾತ್ರ. ಯಾರು ಹೊಡೆದರು, ಯಾವ ಸನ್ನಿವೇಶದಲ್ಲಿ ಹೊಡೆದರು ಎಂಬುದು ಶವ ಪಂಚನಾಮೆಯ ವ್ಯಾಪ್ತಿಗೆ ಬರುವುದಿಲ್ಲ ಎಂದು 1975ರಲ್ಲೇ ಪೆದ್ದ ನಾರಾಯಣ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹೀಗಾಗಿ ಕಾನೂನಿಗೂ ಬೇಕಿರುವುದು ನೆಪವೇ ಅನ್ನಬಹುದು. ಆದರೆ ನೆಪವನ್ನು ಸರಿಯಾಗಿ ನೋಡಿದವನಿಗೆ ಅದರ ಹಿಂದೆ ಇನ್ನೇನೋ ಕಾಣುತ್ತದೆ.

ಸಿರುಗುಪ್ಪದ ಕಡೆ ಭತ್ತದ ಗದ್ದೆಗೆ ರಾತ್ರಿ ನೀರು ಕಟ್ಟಲು ಹೋದವರು ಬದುವಿನ ಮೇಲೆ ಹಾವು ತುಳಿಯುತ್ತಾರೆ. ನೆಲದ ಮೇಲೆ ಮಲಗಿದ ಕೂಲಿಯವರನ್ನು ಕಟ್ಟು ಹಾವು ನಿದ್ದೆಯಲ್ಲೇ ಕಚ್ಚುತ್ತದೆ. ಅದರ ಕಡಿತಕ್ಕೆ ನೋವು ಕಡಿಮೆ, ಹಲ್ಲಿನ ಗುರುತೂ ಸರಿಯಾಗಿ ಕಾಣುವುದಿಲ್ಲ. ರಾತ್ರಿ ಉಂಡು ಮಲಗಿದವನು ಬೆಳಿಗ್ಗೆ ಏಳಲಿಲ್ಲ ಎಂದಷ್ಟೇ ಮನೆಯವರಿಗೆ ಗೊತ್ತು. ಅಂಥ ಒಂದು ಮನೆಯ ಅಂಗಳದಲ್ಲಿ ಮುದುಕಿಯೊಬ್ಬಳು ನನ್ನ ಕೈ ಹಿಡಿದು, "ಅವನ ಹಣ್ಯಾಗ ಬರೆದಿದ್ದು ಅಷ್ಟ ಐತ್ರಿ ಸಾಹೇಬ್ರ, ಕೊಯ್ಯೋದು ಬ್ಯಾಡ್ರಿ" ಅಂದಳು. ಕೂರಿಸಿ ಸಮಾಧಿ ಮಾಡುವ ಮನೆತನ ಅವರದು. ಕೊಯ್ದು ಹೊಲಿದ ಮೈಯನ್ನು ಕುಣಿಯೊಳಗೆ ಹೇಗೆ ಕೂರಿಸುವುದು ಎಂಬ ಕಳವಳ ಅವಳದು. ಅದು ಸುಳ್ಳು ಕಳವಳವಲ್ಲ. ಆದರೆ ಮರಣೋತ್ತರ ಪರೀಕ್ಷೆ ಆಗದಿದ್ದರೆ ಕಾರಣಕ್ಕೆ ಆಧಾರ ಉಳಿಯುವುದಿಲ್ಲ. ರೈತ ಹಾವು ಕಚ್ಚಿ ಸತ್ತರೆ ಅವನ ಮನೆಗೆ ಕೃಷಿ ಇಲಾಖೆಯಿಂದ ಈಗ 2 ಲಕ್ಷ ರೂಪಾಯಿ ಪರಿಹಾರ ಉಂಟು. ಆಧಾರವಿಲ್ಲದ ಅರ್ಜಿ ಮುಂದಕ್ಕೆ ಹೋಗುವುದಿಲ್ಲ. ಮುದುಕಿಗೆ ಇದನ್ನೆಲ್ಲ ಹೇಳುವಾಗ ನಾಲಿಗೆ ತಡವರಿಸಿತು. ಮಗನ ಹೆಣದ ಮುಂದೆ ದುಡ್ಡಿನ ಮಾತು ಆಡಬೇಕಿತ್ತು. ಬಾಣಂತನ ಮುಗಿಸದ ಸೊಸೆ ಬಾಗಿಲ ಸಂದಿಯಲ್ಲಿ ನಿಂತಿದ್ದಳು. ಅವಳನ್ನು ತೋರಿಸಿದ ಮೇಲೆ ಮುದುಕಿ ಒಪ್ಪಿದಳು.

2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ನನ್ನ ಮಟ್ಟಿಗೆ ಇದು ಬರೀ ಆರೋಗ್ಯ ಇಲಾಖೆಯ ಸುತ್ತೋಲೆಯಲ್ಲ, ತತ್ವದ ಮಾತೂ ಹೌದು. ಹಣೆಬರಹವನ್ನು ಯಾರೂ ಎಣಿಸುವುದಿಲ್ಲ. ಎಣಿಸಿದ ಮೇಲೆ ಯಾವ ತಾಲ್ಲೂಕಿನಲ್ಲಿ ಹೆಚ್ಚು, ಯಾವ ಆಸ್ಪತ್ರೆಯಲ್ಲಿ ವಿಷನಿರೋಧಕ ಔಷಧಿ ಇರಲಿಲ್ಲ ಎಂಬ ಪ್ರಶ್ನೆಗಳು ಹುಟ್ಟುತ್ತವೆ. ಪ್ರಶ್ನೆ ಹುಟ್ಟಿದ ಕಡೆ ಮುಂದಿನ ವರ್ಷ ಒಂದು ಜೀವವಾದರೂ ಉಳಿಯಬಹುದು.

ಹಾಗಾದರೆ ಕರ್ಮ ಸುಳ್ಳೇ? ಇದಕ್ಕೆ ಉತ್ತರ ಹುಡುಕುವ ದಾರಿ ನನಗೆ ಸಿಕ್ಕಿದ್ದು ಒಂದು ಬಂಡೆಯಿಂದ. ಸಿರುಗುಪ್ಪ ತಾಲ್ಲೂಕಿನ ನಿಟ್ಟೂರಿನಲ್ಲಿ, ಉಡೇಗೋಳದಲ್ಲಿ ಅಶೋಕನ ಶಿಲಾಶಾಸನಗಳಿವೆ. ಅಶೋಕ ಎಂಬ ಹೆಸರನ್ನೇ ಹೇಳುವ ಶಾಸನಗಳು ದೇಶದಲ್ಲಿ ಬೆರಳೆಣಿಕೆಯಷ್ಟು. ಅವುಗಳಲ್ಲಿ ಇವೂ ಸೇರಿವೆ. ಬಂದೋಬಸ್ತಿಗೆಂದು ಹೋಗಿ ಆ ಬಂಡೆ ನೋಡಿದ ಮೇಲೆ ಬುದ್ಧನ ಮಾತುಗಳನ್ನು ಓದುವ ಚಟ ಹತ್ತಿತು. ಆ ಮಾತುಗಳ ಸಂಗ್ರಹವಾದ ಸಂಯುತ್ತ ನಿಕಾಯದಲ್ಲಿ ಸೀವಕನೆಂಬ ಪರಿವ್ರಾಜಕ ಬಂದು, ಮನುಷ್ಯ ಅನುಭವಿಸುವ ಸುಖದುಃಖವೆಲ್ಲ ಹಿಂದೆ ಮಾಡಿದ ಕರ್ಮದ ಫಲವೆಂದು ಕೆಲವರು ಹೇಳುತ್ತಾರೆ, ನೀವೇನನ್ನುತ್ತೀರಿ ಎಂದು ಕೇಳುತ್ತಾನೆ. ಬುದ್ಧ ಎಂಟು ಕಾರಣಗಳನ್ನು ಎಣಿಸುತ್ತಾನೆ: ಪಿತ್ತ, ಕಫ, ವಾತ, ಈ ಮೂರರ ಬೆರಕೆ, ಋತುವಿನ ಬದಲಾವಣೆ, ಅಜಾಗರೂಕತೆ, ಇನ್ನೊಬ್ಬರ ಹಲ್ಲೆ, ಎಂಟನೆಯದಾಗಿ ಕರ್ಮಫಲ. ಎಲ್ಲಕ್ಕೂ ಕರ್ಮವೇ ಕಾರಣ ಎನ್ನುವವರು ತಮ್ಮ ಅನುಭವವನ್ನೂ ಲೋಕದ ತಿಳಿವನ್ನೂ ಮೀರಿ ಮಾತಾಡುತ್ತಾರೆ ಎಂಬುದು ಅವನ ತೀರ್ಮಾನ. ಅಲ್ಲಿ ಮಾತು ಸುಖದುಃಖದ್ದು, ಸಾವಿನದಲ್ಲ. ಆದರೂ ಆ ಪಟ್ಟಿ ಓದಿದಾಗ ನನ್ನ ಯುಡಿಆರ್ ಫೈಲುಗಳೇ ಕಣ್ಣಮುಂದೆ ಬಂದವು. ರೋಗ, ಬಿಸಿಲು, ಅಜಾಗರೂಕತೆ, ಹಲ್ಲೆ. ಬುದ್ಧ ಕರ್ಮವನ್ನು ಅಲ್ಲಗಳೆಯಲಿಲ್ಲ, ಸಾಲಿನ ಕೊನೆಯಲ್ಲಿ ನಿಲ್ಲಿಸಿದ. ಉಳಿದ ಏಳನ್ನು ವಿಚಾರಿಸದೆ ಎಂಟನೆಯದಕ್ಕೆ ಹಾರುವುದು ಸೋಮಾರಿತನ. ಕೆಲವೊಮ್ಮೆ ಅದಕ್ಕಿಂತ ಕೆಟ್ಟದ್ದು.

ಆ ಕೆಟ್ಟದ್ದನ್ನು ಕುರುಗೋಡು ಭಾಗದ ಒಂದು ಹಳ್ಳಿಯಲ್ಲಿ ಕಂಡೆ. ಮದುವೆಯಾಗಿ ಏಳು ವರ್ಷ ತುಂಬದ ಹೆಣ್ಣುಮಗಳ ಸಾವು. ಅಂಥ ಸಾವಿನಲ್ಲಿ ಪಂಚನಾಮೆಯನ್ನು ಪೊಲೀಸರಲ್ಲ, ತಹಶೀಲ್ದಾರರೋ ಅಸಿಸ್ಟೆಂಟ್ ಕಮಿಷನರೋ ಮಾಡಬೇಕು. 1983ರ ತಿದ್ದುಪಡಿಯಿಂದ ಬಂದ ನಿಯಮ. ಆಗಿನ್ನೂ ಕುರುಗೋಡು ತಾಲ್ಲೂಕಾಗಿರಲಿಲ್ಲ, ತಹಶೀಲ್ದಾರರು ಬಳ್ಳಾರಿಯಿಂದ ಬರಬೇಕಿತ್ತು. ಅವರು ಬರುವಷ್ಟರಲ್ಲಿ ಕಟ್ಟೆಯ ಮೇಲೆ ಹಿರಿಯರು ಕೂತು ಹಣೆಬರಹ ಎಂದು ಮಾತು ಮುಗಿಸಿದ್ದರು. ಬೆಳಿಗ್ಗೆ ಠಾಣೆಯಲ್ಲಿ ಎದೆ ಬಡಿದುಕೊಂಡು ಅಳಿಯನ ಹೆಸರು ಹೇಳಿದ್ದ ಅಪ್ಪ ಮಧ್ಯಾಹ್ನಕ್ಕೆ, "ಅಕಿ ಋಣ ಹರೀತ್ರಿ, ಯಾರ ಮ್ಯಾಲೂ ಸಂಶಯ ಇಲ್ಲ" ಅನ್ನತೊಡಗಿದ. ತಹಶೀಲ್ದಾರರು ಅವಸರ ಮಾಡಲಿಲ್ಲ. ಗಂಡಸರನ್ನೆಲ್ಲ ದೂರ ಕಳಿಸಿ ತಾಯಿಯನ್ನು ಒಬ್ಬಳನ್ನೇ ಕೂರಿಸಿ ಕೇಳಿದರು. ಬೈಕಿನ ಮಾತು, ಅರ್ಧಕ್ಕೆ ನಿಂತ ಬಂಗಾರದ ಮಾತು, ದೀಪಾವಳಿಗೆ ತವರಿಗೆ ಬಂದ ಮಗಳ ಬೆನ್ನ ಮೇಲಿದ್ದ ಬಾಸುಂಡೆಯ ಮಾತು ಒಂದೊಂದಾಗಿ ಹೊರಬಂತು. ನಾನು ಬರೆದುಕೊಂಡೆ. ಮುಂದಿನದನ್ನು ತೀರ್ಮಾನಿಸುವುದು ಕೋರ್ಟು.

ಹಣೆಬರಹ ಎಂಬ ಮಾತನ್ನು ಸಿರುಗುಪ್ಪದ ಮುದುಕಿಯೂ ಆಡಿದಳು, ಕಟ್ಟೆಯ ಹಿರಿಯರೂ ಆಡಿದರು. ಮುದುಕಿಗೆ ಅದು ಬದುಕಿ ಉಳಿಯುವ ದಾರಿ. ರಾತ್ರಿ ನೆಲದ ಮೇಲೆ ಮಲಗಲು ಬಿಟ್ಟಿದ್ದು ತಾನೇ ಎಂಬ ಕೊರಗನ್ನು ಅವಳು ಬೇರೆ ಎಲ್ಲಿ ಇಳಿಸಿಡಬೇಕು? ಅವಳ ಮುಂದೆ ವಿಚಾರವಾದ ಹೇಳುವವನು ಜಾಣನಿರಬಹುದು, ಮನುಷ್ಯನಲ್ಲ. ಹಿರಿಯರ ಬಾಯಲ್ಲಿ ಅದೇ ಮಾತು ತಪ್ಪಿತಸ್ಥನಿಗೆ ಹೊದಿಸಿದ ಕಂಬಳಿಯಾಯಿತು. ಆದ್ದರಿಂದ ವಿಧಿ ನಿಜವೋ ಸುಳ್ಳೋ ಎಂದು ನಾನು ವಾದಕ್ಕೆ ಇಳಿಯುವುದಿಲ್ಲ. ಯಾರು ಆಡುತ್ತಿದ್ದಾರೆ, ಆಡಿದ್ದರಿಂದ ಯಾರ ಹೊರೆ ಇಳಿಯಿತು ಎಂದು ನೋಡುತ್ತೇನೆ. ನೊಂದವರು ಆಡಿಕೊಂಡರೆ ಅದು ಭಕ್ತಿ. ಉತ್ತರ ಕೊಡಬೇಕಾದವರು, ಬರೆಯಬೇಕಾದವರು ಆಡಿದರೆ ಅದು ಪಾಪ. ಈ ಪಾಪಕ್ಕೆ ನಮ್ಮ ಇಲಾಖೆಯಲ್ಲಿ ಒಂದು ಸಿದ್ಧ ವಾಕ್ಯವೂ ಉಂಟು: "ಮೃತರ ಸಾವಿನಲ್ಲಿ ಯಾರ ಮೇಲೂ ಯಾವುದೇ ಸಂಶಯ ಇರುವುದಿಲ್ಲ." ಎಷ್ಟೋ ಸಲ ಅದು ನಿಜ. ಕೇಳದೆಯೇ ಬರೆದಾಗ ಅದೂ ಹಣೆಬರಹದ ಸರ್ಕಾರಿ ಭಾಷೆ.

ಬಳ್ಳಾರಿ ನಗರದಲ್ಲಿ ಈ ಭಕ್ತಿಯೂ ಈ ಪಾಪವೂ ಇಲ್ಲದ ಸಾವುಗಳಿವೆ. ಬಸ್ ಸ್ಟ್ಯಾಂಡಿನ ಮೂಲೆಯಲ್ಲಿ, ಅಂಗಡಿಯ ಜಗುಲಿಯ ಮೇಲೆ ಸಿಕ್ಕ ಅಪರಿಚಿತ ಶವಕ್ಕೆ ಹಣೆಬರಹ ಎಂದು ಅಳುವವರಿಲ್ಲ, ಮುಚ್ಚಿಹಾಕುವವರೂ ಇಲ್ಲ. ಶವಾಗಾರದಲ್ಲಿ ಇಟ್ಟು, ಚಹರೆ ಬರೆದು, ಪತ್ರಿಕೆಗೆ ಕೊಟ್ಟು ಕಾಯುತ್ತೇವೆ. ಎಡಗೈ ಮೇಲೆ ಹಚ್ಚೆ, ಬಲ ಹುಬ್ಬಿನ ಬಳಿ ಹಳೆ ಗಾಯದ ಕಲೆ, ನೀಲಿ ಗೆರೆಯ ಅಂಗಿ. ಯಾರೂ ಬರದಿದ್ದರೆ ಮಣ್ಣು ಮಾಡಿಸುತ್ತೇವೆ. ಮಂತ್ರವಿಲ್ಲ, ವಿಭೂತಿಯಿಲ್ಲ, ಹೆಸರು ಹಿಡಿದು ಕರೆಯುವವರಿಲ್ಲ. ಆ ಮನುಷ್ಯನ ಮೈಯನ್ನು ನೆತ್ತಿಯಿಂದ ಅಂಗಾಲಿನವರೆಗೆ ಯಾರಾದರೂ ಗಮನವಿಟ್ಟು ನೋಡಿದ್ದರೆ ಅದು ಪಂಚನಾಮೆಯ ಹೊತ್ತಿನಲ್ಲಿ ಮಾತ್ರ. ಅದನ್ನು ಪೂಜೆಯ ಶ್ರದ್ಧೆಯಿಂದ ಮಾಡಬೇಕೆಂದು ಕಿರಿಯ ಸಿಬ್ಬಂದಿಗೆ ಹೇಳುತ್ತಿದ್ದೆ. ಕೆಲವರು ನಕ್ಕರು, ಕೆಲವರು ಹಾಗೆಯೇ ಮಾಡಿದರು.

ಓದುವವರಲ್ಲಿ ಒಂದು ವಿನಂತಿ. ಪಂಚರಾಗಿ ಬನ್ನಿ ಎಂದರೆ ಊರಿನ ಮರ್ಯಾದಸ್ಥರು ಮೊದಲು ಬಾಗಿಲು ಹಾಕಿಕೊಳ್ಳುತ್ತಾರೆ. ಕೋರ್ಟಿಗೆ ಅಲೆಯಬೇಕಲ್ಲ ಎಂಬ ಭಯ. ಅಲೆಯಬೇಕಾಗುವುದು ನಿಜ. ಆದರೆ ನೀವು ಬಾರದಿದ್ದರೆ ದಾರಿಯಲ್ಲಿ ಹೋಗುವ ಯಾರನ್ನೋ ನಿಲ್ಲಿಸಿ ಸಹಿ ಹಾಕಿಸುತ್ತಾರೆ. ಅವನು ಹೆಣದ ಮುಖವನ್ನೂ ನೋಡಿರುವುದಿಲ್ಲ. ಕರೆದಾಗ ಬನ್ನಿ. ಬಗ್ಗಿ ನೋಡಿ. ಬರೆದದ್ದನ್ನು ಪೂರ್ತಿ ಓದಿಸಿಕೊಳ್ಳಿ. ಒಪ್ಪಿಗೆಯಾಗದ ಸಾಲಿದ್ದರೆ ತಿದ್ದಿಸಿ, ಆಮೇಲೆ ಸಹಿ ಹಾಕಿ.