ಟುವಿಕ್ಸ್ ಹೋದ ಮೇಲೆ

‘ಸ್ಟಾರ್ ಟ್ರೆಕ್: ವಾಯೇಜರ್’ ಸರಣಿಯಲ್ಲಿ 1996ರ ಮೇ ತಿಂಗಳಲ್ಲಿ ಬಂದ ‘ಟುವಿಕ್ಸ್’ ಕಂತಿನ ಬಗ್ಗೆ ನೋಡಿದವರು ಇವತ್ತಿಗೂ ಜಗಳವಾಡುತ್ತಾರೆ. ಹಡಗಿನ ಭದ್ರತಾ ಅಧಿಕಾರಿ ಟುವಾಕ್ ಮತ್ತು ಅಡುಗೆಯ ನೀಲಿಕ್ಸ್ ಒಂದು ಗ್ರಹದಲ್ಲಿ ಆರ್ಕಿಡ್ ಗಿಡಗಳನ್ನು ಆಯ್ದುಕೊಂಡು, ಜನರನ್ನು ಕ್ಷಣದಲ್ಲಿ ಸಾಗಿಸುವ ಯಂತ್ರವಾದ ಟ್ರಾನ್ಸ್‌ಪೋರ್ಟರ್ ಮೂಲಕ ಹಡಗಿಗೆ ಮರಳುತ್ತಾರೆ. ಆದರೆ ಬಂದು ನಿಲ್ಲುವವನು ಒಬ್ಬನೇ. ಆ ಗಿಡದ ಕಿಣ್ವದಿಂದಾಗಿ ಎರಡು ದೇಹ ಒಂದಾಗಿಬಿಟ್ಟಿವೆ. ಇಬ್ಬರ ನೆನಪೂ ಅವನಲ್ಲಿದೆ, ವ್ಯಕ್ತಿತ್ವ ಮಾತ್ರ ಅವನದೇ. ಟುವಿಕ್ಸ್ ಎಂದು ಹೆಸರಿಟ್ಟುಕೊಂಡು ಅವನು ಕೆಲವು ವಾರ ಬದುಕುತ್ತಾನೆ. ಕೆಲಸದಲ್ಲಿ ಚುರುಕು, ಅಡುಗೆಯಲ್ಲೂ ಕೈ ಪಳಗಿದವನು. ಕೊನೆಗೆ ಇಬ್ಬರನ್ನೂ ಬೇರ್ಪಡಿಸುವ ದಾರಿ ವೈದ್ಯನಿಗೆ ಸಿಗುತ್ತದೆ. ಟುವಿಕ್ಸ್ ಒಪ್ಪುವುದಿಲ್ಲ, ತಾನು ಬದುಕಬೇಕು ಅನ್ನುತ್ತಾನೆ. ವೈದ್ಯನೂ ಒಬ್ಬನ ಇಚ್ಛೆಗೆ ವಿರುದ್ಧವಾಗಿ ಅವನ ಜೀವ ತೆಗೆಯಲಾರೆ ಎಂದು ಹಿಂದೆ ಸರಿಯುತ್ತಾನೆ. ಆಗ ಕ್ಯಾಪ್ಟನ್ ಜೇನ್‌ವೇ ತಾನೇ ಯಂತ್ರದ ಮುಂದೆ ನಿಂತು ಆ ಕೆಲಸ ಮುಗಿಸುತ್ತಾಳೆ.

ಇಂಥ ಕಥೆ ಸಿಕ್ಕಾಗ ವೈಜ್ಞಾನಿಕ ಕಥೆಗಳ ಅಭಿಮಾನಿಗಳು ಮೊದಲು ಕೈಹಾಕುವುದು ಯಂತ್ರಕ್ಕೆ. ಇದೇ ಟ್ರಾನ್ಸ್‌ಪೋರ್ಟರ್ 1993ರಲ್ಲಿ, ‘ನೆಕ್ಸ್ಟ್ ಜನರೇಷನ್’ ಸರಣಿಯಲ್ಲಿ, ರೈಕರ್ ಎಂಬ ಒಬ್ಬನೇ ಅಧಿಕಾರಿಯನ್ನು ಇಬ್ಬರನ್ನಾಗಿ ಮಾಡಿತ್ತು. ಹಾಗಾದರೆ ಟುವಿಕ್ಸ್‌ನ ಒಂದು ಪ್ರತಿ ತೆಗೆದು ಅದನ್ನಷ್ಟೇ ಬೇರ್ಪಡಿಸಬಹುದಿತ್ತಲ್ಲ? ಪ್ರಶ್ನೆ ಸರಿಯೇ. ಆದರೆ ಅದು ಹೆಚ್ಚು ದೂರ ಕರೆದೊಯ್ಯುವುದಿಲ್ಲ. ಯಂತ್ರವೂ ಅದರ ನಿಯಮವೂ ಕಲ್ಪನೆಯವೇ. ಇಲ್ಲಿ ಅದು ಸಾಧ್ಯವಿಲ್ಲ ಎಂದು ಒಂದು ವಾಕ್ಯ ಸೇರಿಸಿದ್ದರೆ ಆ ತೂತು ಮುಚ್ಚಿಹೋಗುತ್ತಿತ್ತು. ಮನುಷ್ಯರ ನಡತೆಯಲ್ಲಿ ಬಿದ್ದ ತೂತನ್ನು ಹಾಗೆ ಮುಚ್ಚಲಾಗುವುದಿಲ್ಲ.

ಜೇನ್‌ವೇ ಮಾಡಿದ್ದು ತಪ್ಪು ಎಂದೇ ನನ್ನ ತೀರ್ಮಾನ. ಅವಳ ಪರವಾದ ವಾದ ಹಗುರವಾದದ್ದೇನೂ ಅಲ್ಲ. ಟುವಾಕ್‌ಗೆ ಹೆಂಡತಿ ಮಕ್ಕಳಿದ್ದಾರೆ, ನೀಲಿಕ್ಸ್‌ನ ದಾರಿ ಕಾಯುವ ಪ್ರೇಯಸಿ ಕೆಸ್ ಇದ್ದಾಳೆ, ಮತ್ತು ತಮ್ಮ ಪರವಾಗಿ ಮಾತಾಡಲು ಅವರಿಬ್ಬರೂ ಅಲ್ಲಿಲ್ಲ. ಆದರೂ ಅಮೆರಿಕದ ತತ್ತ್ವಜ್ಞಾನಿ ಜುಡಿತ್ ಜಾರ್ವಿಸ್ ಥಾಮ್ಸನ್ ಚರ್ಚಿಸಿದ ಶಸ್ತ್ರವೈದ್ಯನ ಉದಾಹರಣೆ ಇಲ್ಲಿ ಅಡ್ಡ ನಿಲ್ಲುತ್ತದೆ. ಆರೋಗ್ಯವಂತನೊಬ್ಬನನ್ನು ಕೊಂದು ಅವನ ಅಂಗಗಳಿಂದ ಐದು ರೋಗಿಗಳನ್ನು ಉಳಿಸುವ ವೈದ್ಯನನ್ನು, ಲೆಕ್ಕ ಎಷ್ಟೇ ಚೊಕ್ಕವಾಗಿದ್ದರೂ, ನಾವು ಒಪ್ಪುವುದಿಲ್ಲ. ಇಲ್ಲಂತೂ ಲೆಕ್ಕ ಒಂದಕ್ಕೆ ಎರಡು ಮಾತ್ರ.

ಆದರೆ ಪಾತ್ರವೊಂದು ತಪ್ಪು ಮಾಡಿದ್ದು ಕಥೆಯ ದೋಷವಲ್ಲ. ಒಳ್ಳೆಯವರು ಒತ್ತಡದಲ್ಲಿ ಕೆಟ್ಟ ತೀರ್ಮಾನಕ್ಕೆ ಬರುತ್ತಾರೆ, ಅದನ್ನು ತೋರಿಸುವುದೇ ಕಥೆಯ ಕೆಲಸ. ನನಗೆ ಒಪ್ಪಿಗೆಯಾಗದಿರುವುದು ಉಳಿದವರ ನಡತೆ. ಟುವಿಕ್ಸ್ ನಿಯಂತ್ರಣ ಕೊಠಡಿಯಲ್ಲಿ ಒಬ್ಬೊಬ್ಬರ ಮುಖ ನೋಡುತ್ತಾ ಅಂಗಲಾಚುತ್ತಾನೆ. ನಿನ್ನೆಯವರೆಗೆ ಅವನ ಜೊತೆ ಕೆಲಸ ಮಾಡಿದವರು, ಅವನ ಕೈಯಡುಗೆ ಉಂಡವರು. ಒಬ್ಬರೂ ಬಾಯಿ ಬಿಡುವುದಿಲ್ಲ. ಕೆಲವರು ಕಣ್ಣು ತಪ್ಪಿಸುತ್ತಾರೆ. ಹೆದರಿಕೆಯೋ, ಶಿಸ್ತೋ, ಒಳಗೊಳಗೇ ಸಮ್ಮತಿಯೋ, ಕಥೆ ಹೇಳುವುದಿಲ್ಲ.

ಮರುವಾರದ ಕಂತು ‘ರೆಸಲ್ಯೂಷನ್ಸ್’ ನೋಡಿದರೆ ಈ ಮೌನ ಇನ್ನಷ್ಟು ಅಸಹನೀಯವಾಗುತ್ತದೆ. ಅಲ್ಲಿ ಜೇನ್‌ವೇ ಮತ್ತು ಉಪನಾಯಕ ಚಕೋಟೆ ರೋಗ ತಗುಲಿ ಒಂದು ಗ್ರಹದಲ್ಲಿ ಉಳಿಯಬೇಕಾಗುತ್ತದೆ. ಹಡಗಿನ ಹೊಣೆ ಬೀಳುವುದು ಟುವಾಕ್ ಮೇಲೆ, ಹಿಂದಿನ ವಾರವಷ್ಟೇ ಟುವಿಕ್ಸ್‌ನ ಜೀವದ ಬೆಲೆಗೆ ಮರಳಿ ಬಂದ ಅದೇ ಟುವಾಕ್! ನಾಯಕಿಯ ಆಜ್ಞೆಯಂತೆ ಅವನು ಹಡಗನ್ನು ಮುಂದಕ್ಕೆ ಒಯ್ದಾಗ ಅದೇ ಸಿಬ್ಬಂದಿ ಸಿಡಿದೇಳುತ್ತಾರೆ. ಹ್ಯಾರಿ ಕಿಮ್ ಎಂಬ ಕಿರಿಯ ಅಧಿಕಾರಿ ಎಲ್ಲರೆದುರೇ ವಾದಕ್ಕಿಳಿಯುತ್ತಾನೆ. ಕೊನೆಗೆ ಟುವಾಕ್ ಮನಸ್ಸು ಬದಲಿಸುತ್ತಾನೆ. ಅಂದರೆ ಆಜ್ಞೆಗೆ ಎದುರಾಡುವುದು ಇವರಿಗೆ ಗೊತ್ತಿಲ್ಲದ ವಿದ್ಯೆಯಲ್ಲ. ಟುವಿಕ್ಸ್‌ಗಾಗಿ ಯಾಕೆ ಎದುರಾಡಲಿಲ್ಲ ಎಂದು ಅವರಲ್ಲಿ ಯಾರೂ ತಮ್ಮನ್ನು ತಾವು ಕೇಳಿಕೊಳ್ಳುವುದಿಲ್ಲ.

ವಾರಕ್ಕೊಂದು ಕಥೆ, ಯಾವ ಕಂತನ್ನು ಯಾರು ಯಾವಾಗ ನೋಡಿದರೂ ಅರ್ಥವಾಗಬೇಕು, ಆದ್ದರಿಂದ ಪ್ರತಿ ಸಲ ಸ್ಲೇಟು ಒರೆಸಲೇಬೇಕು ಎಂಬ ಸಮರ್ಥನೆ ಇದೆ. ವಾಯೇಜರ್ ವಿಷಯದಲ್ಲಿ ಅದು ನಿಲ್ಲುವುದಿಲ್ಲ. ಏಳು ವರ್ಷ ನಡೆದ ಈ ಸರಣಿ ಹುಟ್ಟಿದ್ದೇ ಜೇನ್‌ವೇಯ ಒಂದು ತೀರ್ಮಾನದಿಂದ. 1995ರ ಮೊದಲ ಕಂತಿನಲ್ಲಿ, ಒಕಾಂಪಾ ಎಂಬ ಜನಾಂಗವನ್ನು ಉಳಿಸಲು, ಊರಿಗೆ ಮರಳುವ ಏಕೈಕ ಸಾಧನವನ್ನು ಅವಳು ಸ್ಫೋಟಿಸುತ್ತಾಳೆ. ಹಡಗು 70,000 ಜ್ಯೋತಿರ್ವರ್ಷ ದೂರದಲ್ಲಿ ಉಳಿಯುತ್ತದೆ. ಆ ತೀರ್ಮಾನವನ್ನು ಸರಣಿ ಮರೆಯಲಿಲ್ಲ. 1998ರ ‘ನೈಟ್’ ಕಂತಿನಲ್ಲಿ ಅದೇ ಪಶ್ಚಾತ್ತಾಪದಲ್ಲಿ ಅವಳು ಕೋಣೆ ಬಿಟ್ಟು ಹೊರಬರದೆ ಕುಳಿತಿರುತ್ತಾಳೆ. ನೆನಪಿಟ್ಟುಕೊಳ್ಳುವ ಶಕ್ತಿ ಸರಣಿಗೆ ಇತ್ತು. ಯಾರನ್ನು ನೆನೆಯಬೇಕು ಎಂಬ ಆಯ್ಕೆಯಲ್ಲಿ ಟುವಿಕ್ಸ್‌ಗೆ ಜಾಗ ಸಿಗಲಿಲ್ಲ.

ವಾಯೇಜರ್ ತಂಡದಲ್ಲಿ ಸ್ವಲ್ಪ ಕಾಲ ದುಡಿದು ಬಿಟ್ಟುಹೋದ ರೊನಾಲ್ಡ್ ಡಿ. ಮೂರ್ ಮುಂದೆ ‘ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ’ವನ್ನು ಹೊಸದಾಗಿ ಕಟ್ಟಿದರು. ಅದರ ‘33’ ಎಂಬ ಕಂತಿನಲ್ಲಿ, ಸಾವಿರಕ್ಕೂ ಹೆಚ್ಚು ಜನ ಒಳಗಿರಬಹುದಾದ ಪ್ರಯಾಣಿಕರ ಹಡಗನ್ನು ಅಧ್ಯಕ್ಷೆ ರೋಸ್ಲಿನ್ ಆದೇಶದಂತೆ ಹೊಡೆದುರುಳಿಸುತ್ತಾರೆ. ಅದೂ ತಪ್ಪಿರಬಹುದು. ಆದರೆ ಗುಂಡು ಹಾರಿಸಿದ ಲೀ ಅಡಾಮಾಗೆ ಆ ನೋವು ಮುಂದಿನ ಕಂತಿನಲ್ಲೂ ಬಿಡುವುದಿಲ್ಲ. ಬದುಕುಳಿದವರ ಸಂಖ್ಯೆ ರೋಸ್ಲಿನ್‌ಳ ಬಿಳಿ ಹಲಗೆಯ ಮೇಲಿರುತ್ತದೆ; ಒಂದು ಮಗು ಹುಟ್ಟಿದಾಗ ಅವಳು ಅದನ್ನೂ ತಿದ್ದಿ ಬರೆಯುತ್ತಾಳೆ. ಇಬ್ಬರು ನಾಯಕಿಯರ ಕೈಯಲ್ಲೂ ಕಷ್ಟದ ತೀರ್ಮಾನವಿತ್ತು. ಒಬ್ಬಳಿಗೆ ಮಾತ್ರ ಅದರ ಲೆಕ್ಕವನ್ನು ದಿನವೂ ಎದುರಿಟ್ಟುಕೊಳ್ಳುವ ಗೌರವವನ್ನು ಕಥೆ ಕೊಟ್ಟಿತು. ಹೌದು, ಗೌರವ ಎಂದೇ ಹೇಳುತ್ತೇನೆ. ತನ್ನ ಕೃತ್ಯದ ಫಲವನ್ನು ಹೊರುವ ಅವಕಾಶವೇ ಇಲ್ಲದ ಪಾತ್ರ ಕಥೆಗಾರನ ಕೈಯ ಸಾಧನವಾಗಿ ಉಳಿಯುತ್ತದೆ. ಟುವಾಕ್ ಮತ್ತು ನೀಲಿಕ್ಸ್ ಮರಳಿ ಬರಬೇಕಾಗಿತ್ತು, ಅವರಿಲ್ಲದೆ ಸರಣಿ ನಡೆಯುವಂತಿರಲಿಲ್ಲ. ಜೇನ್‌ವೇ ಆ ಅಗತ್ಯವನ್ನು ಪೂರೈಸಿದಳು.

ಇದಕ್ಕಿಂತ ದೊಡ್ಡ ನಷ್ಟವಾದದ್ದು ಬದುಕಿ ಬಂದ ಆ ಇಬ್ಬರಿಗೆ. ಅವರ ನೆನಪುಗಳೆಲ್ಲ ಟುವಿಕ್ಸ್‌ನಲ್ಲಿದ್ದವು. ಅವನ ನೆನಪು ಅವರಲ್ಲಿ ಉಳಿಯಿತೇ? ತಾನು ಬದುಕಬೇಕೆಂದು ಅವನು ಅಂಗಲಾಚಿದ್ದು ಅವರಿಗೆ ಗೊತ್ತೇ? ತಮಗಾಗಿ ಇನ್ನೊಬ್ಬನ ಜೀವ ತೆಗೆದದ್ದನ್ನು ಅವರು ಒಪ್ಪುತ್ತಿದ್ದರೇ? ಮುಂದಿನ ಐದು ವರ್ಷ ಇಬ್ಬರೂ ಅದೇ ಹಡಗಿನಲ್ಲಿ ಎದುರುಬದುರು ಓಡಾಡುತ್ತಾರೆ, ಜಗಳವಾಡುತ್ತಾರೆ, ಹತ್ತಿರವಾಗುತ್ತಾರೆ. ಜೇನ್‌ವೇ ಸರಿಯೋ ತಪ್ಪೋ ಎಂದು ಹೇಳುವ ಹಕ್ಕು ಯಾರಿಗಿಂತಲೂ ಹೆಚ್ಚಾಗಿ ಅವರಿಗಿತ್ತು, ಆದರೆ ಅವರಿಬ್ಬರನ್ನು ಒಂದು ಮೇಜಿನ ಎದುರುಬದುರು ಕೂರಿಸಿ ಈ ಮಾತನ್ನು ಎತ್ತುವ ಒಂದೇ ಒಂದು ದೃಶ್ಯವನ್ನು ವಾಯೇಜರ್ ಬರೆಯಲಿಲ್ಲ.