ಅಧಿಕಾರತ್ಯಾಗದ ಕ್ರಮ

ಅಧಿಕಾರವನ್ನು ಬಿಟ್ಟೆನೆನ್ನುವವನು ನಿಜವಾಗಿಯೂ ಬಿಟ್ಟಿರುವನೆಂದು ತಿಳಿಯುವುದು ಹೇಗೆ? ಪ್ರಶ್ನೆಯು ಪುರಾತನವಾದುದು, ಇಂದು ಗಣಕಯಂತ್ರಗಳ ವ್ಯವಸ್ಥಾಪಕರು ಇದನ್ನು ನಿತ್ಯವೂ ಎದುರಿಸುತ್ತಿರುವರು.

ಯೂನಿಕ್ಸ್ ಪದ್ಧತಿಯ ಯಂತ್ರದಲ್ಲಿ ರೂಟ್ ಎಂಬ ಒಡೆಯನುಂಟು. ಅವನ ಸಂಖ್ಯೆ 0. ಅವನಿಗೆ ತೆರೆಯದ ಕಡತವಿಲ್ಲ. ಯಂತ್ರವು ಎಚ್ಚತ್ತೊಡನೆ ಸೇವೆಗಳನ್ನು ಎಬ್ಬಿಸುವ ಆಜ್ಞಾಪತ್ರಕ್ಕೆ ಸ್ಕ್ರಿಪ್ಟ್ ಎಂದು ಹೆಸರು. ಅದು ಸಾಮಾನ್ಯವಾಗಿ ಒಡೆಯನ ಹೆಸರಿನಲ್ಲಿಯೇ ನಡೆಯುವುದು. ಏಕೆಂದರೆ 1024ಕ್ಕಿಂತ ಕೆಳಗಿನ ದ್ವಾರಗಳನ್ನು ತೆರೆಯುವ ಹಕ್ಕು ವಾಡಿಕೆಯಾಗಿ ಅವನದು, ಜಾಲತಾಣದ ಸೇವೆಗೆ ಬೇಕಾದುದು 80ನೆಯ ದ್ವಾರ. ಆದರೆ ಹಗಲಿರುಳು ಬಾಗಿಲಲ್ಲಿ ನಿಂತು ಅಪರಿಚಿತರೊಡನೆ ಮಾತನಾಡುವ ಸೇವಕನ ಸೊಂಟದಲ್ಲಿ ಉಗ್ರಾಣದ ಬೀಗದಕೈ ಏಕಿರಬೇಕು? ಅವನೊಬ್ಬನು ಮೋಸಹೋದರೆ ಮನೆಯೇ ಹೋದಂತೆ. ಆದುದರಿಂದ ಬಾಗಿಲು ತೆರೆದೊಡನೆ ಅವನು ಅಲ್ಪಾಧಿಕಾರದ ಖಾತೆಗೆ ಇಳಿಯತಕ್ಕದ್ದು. ಕಾರ್ಯಕ್ಕೆ ಬೇಕಾದಷ್ಟೇ ಅಧಿಕಾರವೆಂಬ ಈ ನಿಯಮವನ್ನು ಸಾಲ್ಟ್ಜರ್ ಮತ್ತು ಶ್ರೋಡರ್ ಎಂಬ ವಿದ್ವಾಂಸರು 1975ರಲ್ಲಿ ಸ್ಪಷ್ಟವಾಗಿ ನಿರೂಪಿಸಿದರು.

ಇಳಿಯುವುದಕ್ಕೂ ಕ್ರಮವುಂಟು. ಮೊದಲು ಗುಂಪಿನ ಹಕ್ಕುಗಳನ್ನು ತೊರೆದು ಅನಂತರ ಒಡೆತನವನ್ನು ತೊರೆಯಬೇಕು. ಒಡೆತನವು ಮೊದಲೇ ಹೋದರೆ ಗುಂಪನ್ನು ಬದಲಿಸಲು ಅಧಿಕಾರವೇ ಉಳಿಯದು. ಹಳೆಯ ಹಕ್ಕು ಮೈಗಂಟಿಯೇ ಇರುವುದು. ಸಂನ್ಯಾಸಕ್ಕೆ ಹೊರಟವನು ಶಿಖಾಯಜ್ಞೋಪವೀತಗಳನ್ನು ತ್ಯಜಿಸುವ ಮುಂಚೆಯೇ ತನ್ನ ಶ್ರಾದ್ಧವನ್ನು ಮಾಡಿಕೊಳ್ಳುವನಷ್ಟೆ; ಆ ಮೇಲೆ ಅವನಿಗೆ ಆ ಕರ್ಮದಲ್ಲಿ ಅಧಿಕಾರವಿಲ್ಲ.

ಇನ್ನೊಂದು ಬಗೆಯ ತ್ಯಾಗವುಂಟು: ಸದ್ಯಕ್ಕೆ ಬಿಟ್ಟಂತಿದ್ದು, ಬೇಕಾದಾಗ ಮರಳಿ ಪಡೆಯಲು ಹಳೆಯ ಗುರುತನ್ನು ಒಳಗೆ ಕಾದಿಟ್ಟುಕೊಳ್ಳುವುದು. ಕೆಲವೆಡೆ ಇದು ಅನಿವಾರ್ಯ. ಆದರೆ ಸೇವಕನು ಮರಳಿ ಪಡೆಯಬಲ್ಲುದನ್ನು ಅವನನ್ನು ವಶಮಾಡಿಕೊಂಡ ಕಳ್ಳನೂ ಪಡೆಯಬಲ್ಲನು. ಬಿಟ್ಟೆನೆಂಬ ನಂಬಿಕೆಯೇ ಹುಸಿಯಾಗುವುದೂ ಉಂಟು. ಲಿನಕ್ಸಿನ ತಿರುಳಿನಲ್ಲಿದ್ದ ಒಂದು ದೋಷದಿಂದ ಸೆಂಡ್‌ಮೇಲ್ ಎಂಬ ಅಂಚೆಯ ಸೇವೆಯು ಅಧಿಕಾರವನ್ನು ಬಿಡದೆಯೇ ಬಿಟ್ಟೆನೆಂದು ತಿಳಿದು ಮುಂದುವರಿಯುವಂತೆ ಮಾಡಬಹುದೆಂದು 2000ದಲ್ಲಿ ಬೆಳಕಿಗೆ ಬಂದಿತು. ಬಿಟ್ಟಮೇಲೆ ಮತ್ತೆ ಒಡೆಯನಾಗಲು ಬೇಕೆಂದೇ ಯತ್ನಿಸಿ, ಆಗಲಾರದೆಂಬುದನ್ನು ಕಂಡುಕೊಳ್ಳುವುದೇ ಇದಕ್ಕೆ ತಕ್ಕ ಪರೀಕ್ಷೆ.

ಇಷ್ಟಾಗಿಯೂ ಒಡೆಯನ ಅಲಕ್ಷ್ಯವೊಂದು ಉಳಿಯುವುದು. ಅದೇ ಹೆಚ್ಚು ದೂಷಣಾರ್ಹ. ಸೇವಕನನ್ನು ಕೆಳಗಿಳಿಸಿ, ಆಜ್ಞಾಪತ್ರವನ್ನು ತಿದ್ದುವ ಹಕ್ಕನ್ನು ಮಾತ್ರ ಅನುಕೂಲಕ್ಕೆಂದು ಅವನಿಗೇ ಬಿಟ್ಟುಬಿಡುವರು. ಕಳ್ಳನು ಅದರಲ್ಲಿ ಒಂದು ಸಾಲನ್ನು ಸೇರಿಸಿದರೆ ಸಾಕು; ಮುಂದಿನ ಸಲ ಯಂತ್ರವು ಎಚ್ಚತ್ತಾಗ ಒಡೆಯನೇ ಅದನ್ನು ತನ್ನ ಆಜ್ಞೆಯೆಂದು ನಡೆಸುವನು. 2010ರಲ್ಲಿ ಬಂದ ಸಿಸ್ಟಮ್‌ಡಿ ಎಂಬ ವ್ಯವಸ್ಥೆಯಲ್ಲಿ ಸೇವೆಯು ಯಾರ ಹೆಸರಿನಲ್ಲಿ ನಡೆಯಬೇಕೆಂದು ಒಂದೇ ಸಾಲಿನಲ್ಲಿ ಬರೆದರೆ ಇಳಿಸುವ ಕಾರ್ಯವನ್ನು ಅದೇ ಮಾಡಿಕೊಡುವುದು. ಆ ಸಾಲನ್ನು ಯಾರು ತಿದ್ದಬಲ್ಲರೆಂದು ನೋಡತಕ್ಕವನು ಈಗಲೂ ವ್ಯವಸ್ಥಾಪಕನೇ.